ಬೆಳಕು ತೆತ್ತು ದೂರ ಕೊಳ್ಳುವ ಲೆಕ್ಕ: ಹವ್ಯಾಸಿಗೆ ಕೈಗೆಟುಕುವ ಟೆಲಿಫೋಟೊ ಜೂಮ್

ಕ್ಯಾಮೆರಾ ಕೊಂಡು ಆರೇಳು ತಿಂಗಳಾದ ಮೇಲೆ ಹವ್ಯಾಸಿ ಛಾಯಾಗ್ರಾಹಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮುನ್ನೂರು ಮಿಲಿಮೀಟರಿನ ಲೆನ್ಸು ಸಾಕೇ, ಆರುನೂರರದು ಬೇಕೇ? ಕ್ಯಾಮೆರಾದ ಜೊತೆ ಬಂದ 18-55 ಲೆನ್ಸಿನಲ್ಲಿ ಕೆರೆಯಾಚೆಯ ಹಕ್ಕಿ ಬರಿಯ ಚುಕ್ಕೆಯಾಗಿ ಕಂಡಾಗ ಹುಟ್ಟುವ ಪ್ರಶ್ನೆ ಇದು. ಆದರೆ ಉತ್ತರಕ್ಕೆ ಬೇಕಾದ ಎರಡು ಸಂಗತಿಗಳೇ ಅದರಲ್ಲಿಲ್ಲ. ನೀವು ತೆಗೆಯಬೇಕೆಂದಿರುವುದು ಎಷ್ಟು ದೂರದಲ್ಲಿರುತ್ತದೆ, ಯಾವ ಹೊತ್ತಿನ ಬೆಳಕಿನಲ್ಲಿರುತ್ತದೆ ಎಂಬುದನ್ನು ತಿಳಿಯದೆ ಮಿಲಿಮೀಟರುಗಳ ಮಾತಾಡಿ ಪ್ರಯೋಜನವಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಬೀದಿಯಲ್ಲಿ ನಿಂತವರಿಗೆ 250 ಮಿ.ಮೀ. ಲೆನ್ಸೂ ಕೆಲವೊಮ್ಮೆ ಹೆಚ್ಚಾಗಿಬಿಡುತ್ತದೆ. ದರೋಜಿಯ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ನಿಂತು ಎದುರಿನ ಬಂಡೆಗಳ ಮೇಲಿನ ಕರಡಿಯನ್ನು ನೋಡುವವರಿಗೆ 600 ಕೂಡ ಸಾಲದು ಅನ್ನಿಸುತ್ತದೆ, ಹೊತ್ತು ಇಳಿಯುತ್ತಿದ್ದಂತೆ ಬೆಳಕೂ ಸಾಲದಾಗುತ್ತದೆ.

ಕೈಗೆಟುಕುವ ಬೆಲೆಯ ಟೆಲಿಫೋಟೊ ಜೂಮ್ ಲೆನ್ಸಿನ ಇಡೀ ವ್ಯವಹಾರವನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಅಲ್ಲಿ ನಾವು ಬೆಳಕನ್ನು ತೆತ್ತು ದೂರವನ್ನು ಕೊಳ್ಳುತ್ತೇವೆ. ಹಣ ಕಡಿಮೆ ಕೊಟ್ಟಷ್ಟೂ ಬೆಳಕು ಹೆಚ್ಚು ತೆರಬೇಕಾಗುತ್ತದೆ. ಯಾವ ಬೆಳಕಿನಲ್ಲಿ ನಾವು ಹೆಚ್ಚು ಹೊತ್ತು ನಿಲ್ಲುತ್ತೇವೆ ಎಂಬುದು ಗೊತ್ತಿದ್ದರೆ ಎಷ್ಟು ತೆರಬಹುದು ಎಂಬುದೂ ಗೊತ್ತಾಗುತ್ತದೆ.

ಮೊದಲು ದೂರದ ಲೆಕ್ಕ. ಶಾಲೆಯ ಭೌತಶಾಸ್ತ್ರದಲ್ಲಿ ಓದಿದ ಸಂಗಮದೂರವೇ ಛಾಯಾಗ್ರಾಹಕರ ಬಾಯಲ್ಲಿ ಫೋಕಲ್ ಲೆಂತ್ ಆಗಿದೆ. ವಸ್ತುವಿನ ಉದ್ದವನ್ನು ಸಂಗಮದೂರದಿಂದ ಗುಣಿಸಿ, ನಮ್ಮಿಂದ ಅದಕ್ಕಿರುವ ದೂರದಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಉದ್ದ ಹೆಚ್ಚುಕಡಿಮೆ ಸಿಗುತ್ತದೆ. ನಮ್ಮ ಕೆರೆಗಳ ಚಿಕ್ಕ ಮಿಂಚುಳ್ಳಿ ಸುಮಾರು 17 ಸೆಂ.ಮೀ. ಉದ್ದದ ಹಕ್ಕಿ. ಅದು ಹತ್ತು ಮೀಟರ್ ದೂರದ ಕಡ್ಡಿಯ ಮೇಲೆ ಕೂತಿದ್ದರೆ 300 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಸುಮಾರು 5 ಮಿ.ಮೀ. ಇರುತ್ತದೆ. ನಿಕಾನ್, ಸೋನಿ, ಫ್ಯೂಜಿಗಳ ಹವ್ಯಾಸಿ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಅಗಲ ಸುಮಾರು 23.5 ಮಿ.ಮೀ.; 24 ಮೆಗಾಪಿಕ್ಸೆಲಿನ ಕ್ಯಾಮೆರಾದಲ್ಲಿ ಆ ಅಗಲದುದ್ದಕ್ಕೂ 6000 ಪಿಕ್ಸೆಲುಗಳಿರುತ್ತವೆ. ಎಂದರೆ ಮಿಂಚುಳ್ಳಿಯ ಪಾಲಿಗೆ ಬರುವುದು ಸುಮಾರು 1300 ಪಿಕ್ಸೆಲ್. ಹಕ್ಕಿ ಚಿತ್ರದ ಅರ್ಧದಷ್ಟು ತುಂಬುವಂತೆ ಕತ್ತರಿಸಿಕೊಂಡರೆ 2600 ಪಿಕ್ಸೆಲ್ ಅಗಲದ ಚಿತ್ರ ಉಳಿಯುತ್ತದೆ. ಪರದೆಯ ಮೇಲೆ ನೋಡಲು ಧಾರಾಳ, ಎಂಟು-ಒಂಬತ್ತು ಇಂಚಿನ ಅಚ್ಚಿಗೂ ಸಾಕು. ಅದೇ ಹಕ್ಕಿ ಇಪ್ಪತ್ತು ಮೀಟರ್ ದೂರದಲ್ಲಿದ್ದರೆ ಈ ಎಲ್ಲ ಅಂಕಿಗಳೂ ಅರ್ಧಕ್ಕಿಳಿಯುತ್ತವೆ, ಆಗ ಅಷ್ಟೇ ವಿವರ ಸಿಗಬೇಕಾದರೆ 600 ಮಿ.ಮೀ. ಬೇಕಾಗುತ್ತದೆ.

ಈ ಲೆಕ್ಕವನ್ನು ತಿರುಗಿಸಿ ನೋಡಿದಾಗ ನನಗೆ ಬಹಳ ಸಮಾಧಾನವಾಗಿತ್ತು. ಕೆರೆಯ ದಂಡೆಯಲ್ಲಿ ತಗ್ಗಿ ಕೂತು, ಅಲುಗಾಡದೆ ಅರ್ಧ ಗಂಟೆ ಕಾದು, ಹಕ್ಕಿ ತಾನಾಗಿ ಇಪ್ಪತ್ತು ಮೀಟರಿನಿಂದ ಹತ್ತು ಮೀಟರಿಗೆ ಬಂದರೆ, 300ರ ಲೆನ್ಸನ್ನು 600ಕ್ಕೆ ಏರಿಸಿದಷ್ಟೇ ಫಲ ಸಿಗುತ್ತದೆ, ಅದೂ ಒಂದು ಲಕ್ಷ ರೂಪಾಯಿ ಖರ್ಚಿಲ್ಲದೆ. ಕಾರಿನಿಂದ ಇಳಿಯದೆ ಕಿಟಕಿಯ ಅಂಚಿಗೆ ಅಕ್ಕಿ ಅಥವಾ ರಾಗಿ ತುಂಬಿದ ಬಟ್ಟೆ ಚೀಲವಿಟ್ಟು ಅದರ ಮೇಲೆ ಲೆನ್ಸನ್ನು ಒರಗಿಸುವುದೂ ಇಂಥದೇ ಉಪಾಯ. ನಡೆದು ಬರುವ ಮನುಷ್ಯನಿಗೆ ಬೆದರುವ ಕಳ್ಳಿಪೀರ, ನೀಲಕಂಠಗಳು ನಿಂತ ವಾಹನಕ್ಕೆ ಅಷ್ಟಾಗಿ ಬೆದರುವುದಿಲ್ಲ. ಗೂಡಿನ ಬಳಿ ಮಾತ್ರ ಈ ಹತ್ತಿರ ಹೋಗುವ ವಿದ್ಯೆ ಬೇಡ. ಲೆನ್ಸ್ ಚಿಕ್ಕದಾಯಿತೆಂದು ಗೂಡಿನತ್ತ ಹೆಜ್ಜೆಯಿಡುವುದಕ್ಕಿಂತ ಆ ಚಿತ್ರವನ್ನು ಬಿಟ್ಟುಬಿಡುವುದು ಮೇಲು.

ಎಪಿಎಸ್-ಸಿ ಕ್ಯಾಮೆರಾದಲ್ಲಿ 300 ಎಂಬುದು 450 ಆಗುತ್ತದೆ ಎಂಬ ಮಾತನ್ನು ಅಂಗಡಿಗಳಲ್ಲಿ ಕೇಳುತ್ತೇವೆ. ಲೆನ್ಸ್ ಉದ್ದವಾಗುವುದಿಲ್ಲ; ಬಿಂಬದ ಗಾತ್ರವೂ ಮೇಲಿನ ಲೆಕ್ಕದಂತೆ ಅಷ್ಟೇ ಇರುತ್ತದೆ. ಸೆನ್ಸರ್ ಚಿಕ್ಕದಾದ್ದರಿಂದ ಬಿಂಬದ ಸುತ್ತಲಿನ ಜಾಗ ಕತ್ತರಿಸಿಹೋಗಿ, ಪೂರ್ಣ ಚೌಕಟ್ಟಿನ (ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 450 ತೋರಿಸುವಷ್ಟೇ ಕಿರಿದಾದ ನೋಟ ಕಾಣುತ್ತದೆ. ಈ ಗುಣಕ ಕ್ಯಾನನ್‌ನಲ್ಲಿ 1.6, ನಿಕಾನ್ ಮತ್ತು ಸೋನಿಗಳಲ್ಲಿ 1.5, ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳಲ್ಲಿ 2. ಆದರೂ ಹಕ್ಕಿ ತೆಗೆಯುವ ಹವ್ಯಾಸಿಗೆ ಚಿಕ್ಕ ಸೆನ್ಸರು ನಿಜವಾಗಿಯೂ ಅನುಕೂಲವೇ, ಏಕೆಂದರೆ ಅಲ್ಲಿ ಪಿಕ್ಸೆಲುಗಳು ಒತ್ತೊತ್ತಾಗಿರುವುದರಿಂದ ಅದೇ 5 ಮಿ.ಮೀ. ಬಿಂಬಕ್ಕೆ ಹೆಚ್ಚು ಪಿಕ್ಸೆಲುಗಳು ಸಿಗುತ್ತವೆ. ಟೆಲಿಫೋಟೊಗಾಗಿ ಹಣ ಕೂಡಿಸುತ್ತಿರುವವರು ನಡುವೆ ಪೂರ್ಣ ಚೌಕಟ್ಟಿನ ಕ್ಯಾಮೆರಾಕ್ಕೆ ಜಿಗಿಯುವುದು ಈ ಕಾರಣಕ್ಕೆ ಹಿಂದಕ್ಕೆ ಹೋದಂತೆ.

ಇನ್ನು ಬೆಲೆಯ ಮಾತು. 600 ಮಿ.ಮೀ. ತಲುಪುವ ಒಂದು ಲೆನ್ಸ್ ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಸಿಗುವಾಗ, ಅದೇ 600 ಮಿ.ಮೀ.ನ ಇನ್ನೊಂದು ಹತ್ತು ಲಕ್ಷವನ್ನು ಮೀರುವುದು ಹೇಗೆ? ಉತ್ತರವಿರುವುದು ಎಫ್ ಸಂಖ್ಯೆಯಲ್ಲಿ. ಸಂಗಮದೂರವನ್ನು ಬೆಳಕಿಂಡಿಯ (ಲೆನ್ಸಿನೊಳಕ್ಕೆ ಬೆಳಕು ಬರುವ ತೆರಪಿನ) ವ್ಯಾಸದಿಂದ ಭಾಗಿಸಿದಾಗ ಬರುವುದೇ ಎಫ್ ಸಂಖ್ಯೆ. 600 ಮಿ.ಮೀ. ಲೆನ್ಸು ಎಫ್/4 ಆಗಿರಬೇಕಾದರೆ ಅದರ ಮುಂದಿನ ಗಾಜು ಕನಿಷ್ಠ 150 ಮಿ.ಮೀ. ಅಗಲವಿರಬೇಕು, ಎಂದರೆ ಒಂದು ಊಟದ ಬಟ್ಟಲಿನಷ್ಟು. ಅದೇ ಎಫ್/6.3 ಆದರೆ 95 ಮಿ.ಮೀ. ಸಾಕು. ಟ್ಯಾಮ್ರಾನ್ 150-600, ಸಿಗ್ಮಾ 150-600 ಕಂಟೆಂಪರರಿ ಎಂಬ ಜನಪ್ರಿಯ ಲೆನ್ಸುಗಳ ಫಿಲ್ಟರಿನ ಅಳತೆ 95 ಮಿ.ಮೀ. ಇರುವುದು ಇದರಿಂದಲೇ. ವ್ಯಾಸ 95ರಿಂದ 150ಕ್ಕೆ ಏರಿದಾಗ ಗಾಜಿನ ವಿಸ್ತೀರ್ಣ ಎರಡೂವರೆ ಪಟ್ಟಾಗುತ್ತದೆ, ತೂಕ ಮೂರು ಕಿಲೋಗ್ರಾಮಿಗೇರುತ್ತದೆ, ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಎರಕ ಹೊಯ್ದು ಉಜ್ಜಿ ನಯಗೊಳಿಸುವ ಕಷ್ಟ ಅದಕ್ಕಿಂತಲೂ ಬಹಳ ಹೆಚ್ಚುತ್ತದೆ. ದುಬಾರಿ ಲೆನ್ಸಿಗೆ ಕೊಡುವ ಹಣದ ದೊಡ್ಡ ಪಾಲು ಹೆಚ್ಚಿನ ಬೆಳಕಿಗಾಗಿ ಕೊಡುವ ಹಣ. ಚೂಪಾದ ಚಿತ್ರ ಬರುವುದು ದುಬಾರಿ ಲೆನ್ಸಿನಲ್ಲಿ ಮಾತ್ರ ಎಂಬ ನಂಬಿಕೆ ಹಳೆಯದು. ಒಳ್ಳೆಯ ಬಿಸಿಲಿನಲ್ಲಿ ಈಗಿನ ಸಾಧಾರಣ ಬೆಲೆಯ ಲೆನ್ಸುಗಳೂ ಗರಿಗರಿಯನ್ನು ಬಿಡಿಸಿ ತೋರಿಸುತ್ತವೆ.

ಬಿಸಿಲು ಮತ್ತು ನೆರಳಿನ ನಡುವೆ ಎಷ್ಟು ವ್ಯತ್ಯಾಸವೆಂಬುದನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಬಿಸಿಲು ಚೆನ್ನಾಗಿ ಬಿದ್ದಿರುವಾಗ ಕೃಷ್ಣಮೃಗಗಳನ್ನು ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಅಳತೆ) 400 ಇಟ್ಟು ಎಫ್/6.3ರಲ್ಲಿ ತೆಗೆದರೂ ಶಟರ್ ವೇಗ, ಎಂದರೆ ಸೆನ್ಸರಿಗೆ ಬೆಳಕು ಬೀಳುವ ಅವಧಿ, ಸೆಕೆಂಡಿನ 1/2500ರ ಸುಮಾರಿಗೆ ಸಿಗುತ್ತದೆ; ಓಡುವ, ನೆಗೆಯುವ ಜಿಂಕೆ ಕೂಡ ನಿಂತಂತೆ ಮೂಡುತ್ತದೆ. ಅಲ್ಲಿ ಎಫ್/4ರ ಲೆನ್ಸು ಹೊಂದಿರುವವರಿಗೆ ನಿಮಗಿಂತ ಹೆಚ್ಚಿನ ಲಾಭವೇನೂ ಇಲ್ಲ, ಹಿನ್ನೆಲೆ ಇನ್ನಷ್ಟು ಮೃದುವಾಗುವುದೊಂದನ್ನು ಬಿಟ್ಟರೆ. ಈಗ ಅದೇ ಲೆನ್ಸನ್ನು ಬೆಳಗಿನ ಸಫಾರಿಗೆ ನಾಗರಹೊಳೆಯ ದಟ್ಟ ಮರಗಳಡಿಗೆ ಕೊಂಡೊಯ್ಯಿರಿ. ಅಲ್ಲಿನ ಬೆಳಕು ಬಿಸಿಲಿಗಿಂತ ಆರೇಳು ಸ್ಟಾಪ್ ಕಡಿಮೆ. ಒಂದು ಸ್ಟಾಪ್ ಎಂದರೆ ಅರ್ಧ. ಆರೇಳು ಸಲ ಅರ್ಧ ಮಾಡುತ್ತ ಹೋದರೆ ಉಳಿಯುವುದು ನೂರರಲ್ಲಿ ಒಂದು ಪಾಲಿನ ಆಚೀಚೆ. ಅಂಥ ಬೆಳಕಿನಲ್ಲಿ ಐಎಸ್‌ಒ 3200ಕ್ಕೆ ಏರಿಸಿದ ಮೇಲೂ ಎಫ್/6.3ರಲ್ಲಿ ಸುಮಾರು 1/200 ಸಿಗಬಹುದು, ಎಫ್/4 ಆಗಿದ್ದರೆ 1/500, ಎಫ್/2.8 ಆಗಿದ್ದರೆ 1/1000. ನಿಂತ ಆನೆಗೆ 1/200 ಸಾಕು. ರೆಂಬೆಯಿಂದ ರೆಂಬೆಗೆ ಹಾರುವ ರಾಜಹಕ್ಕಿಗೆ ಸಾಲದು. ಹೆಚ್ಚಿನ ಐಎಸ್‌ಒದಿಂದ ಚಿತ್ರದಲ್ಲಿ ಮೂಡುವ ಕಾಳುಕಾಳಾದ ಚುಕ್ಕೆಗಳನ್ನು ಈಗಿನ ತಂತ್ರಾಂಶಗಳು ಚೆನ್ನಾಗಿ ಅಳಿಸುತ್ತವೆ, ಆದುದರಿಂದ ಐಎಸ್‌ಒ ಏರಿಸಲು ಅಂಜಬೇಕಾಗಿಲ್ಲ. ಆದರೆ ಅಲುಗಿದ ಚಿತ್ರವನ್ನು ಸರಿಪಡಿಸುವುದು ಇನ್ನೂ ಕಷ್ಟವೇ.

ನಿಮ್ಮ ವಾರಾಂತ್ಯಗಳು ಹೆಚ್ಚಾಗಿ ಯಾವ ಕಡೆ ಕಳೆಯುತ್ತವೆ ಎಂಬುದನ್ನು ಲೆನ್ಸಿಗಿಂತ ಮೊದಲು ನಿರ್ಧರಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು, ಭದ್ರಾ ಹಿನ್ನೀರಿನ ನಡುಗಡ್ಡೆಗಳ ರೀವಗಳು, ಹೆಸರಘಟ್ಟದ ಹುಲ್ಲುಗಾವಲು, ರಂಗನತಿಟ್ಟು: ಇವೆಲ್ಲ ಬಯಲು ಬೆಳಕಿನ ಜಾಗಗಳು, ಇಲ್ಲಿ ಎಫ್/6.3 ನಿಮ್ಮ ಕೈ ಬಿಡುವುದಿಲ್ಲ. ದಾಂಡೇಲಿಯ ಮಂಗಟ್ಟೆಗಳು, ಕೊಡಗಿನ ಕಾಫಿತೋಟದ ನೆರಳಿನ ಹಕ್ಕಿಗಳು, ಮಳೆಗಾಲದ ಮಲೆನಾಡು ನಿಮ್ಮ ಒಲವಾದರೆ, ಉದ್ದವನ್ನು ಒಂದಿಷ್ಟು ಬಿಟ್ಟುಕೊಟ್ಟಾದರೂ ಎಫ್/5.6ನ್ನು ಉಳಿಸಿಕೊಳ್ಳುವುದು ಜಾಣತನ.

ಎಫ್ ಸಂಖ್ಯೆಗೆ ಇನ್ನೊಂದು ಕೆಲಸವೂ ಇದೆ. ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳ ಫೋಕಸ್ ಬಿಂದುಗಳನ್ನು ಎಫ್/5.6ರವರೆಗಿನ ಲೆನ್ಸುಗಳಿಗೆ ಹೊಂದುವಂತೆ ಮಾಡಿರುತ್ತಾರೆ. ಕೆಲವು ಮೇಲ್ದರ್ಜೆಯವುಗಳಲ್ಲಿ ನಡುವಿನ ಬಿಂದುಗಳು ಮಾತ್ರ ಎಫ್/8ರಲ್ಲೂ ಕೆಲಸ ಮಾಡುತ್ತವೆ. ಎಫ್/6.3ರ ಲೆನ್ಸುಗಳು ಆ ಮಿತಿಯ ಅಂಚಿನಲ್ಲಿ ನಿಂತು ದುಡಿಯುತ್ತವೆ, ಮೋಡ ಕವಿದ ದಿನ ಹಿಂದೆಮುಂದೆ ತಡಕಾಡುತ್ತವೆ. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಫೋಕಸ್ ಅಳೆಯುವುದು ಚಿತ್ರ ಮೂಡುವ ಸೆನ್ಸರಿನಲ್ಲೇ ಆದ್ದರಿಂದ ಈ ಮಿತಿ ಸಡಿಲವಾಯಿತು. 2020ರಲ್ಲಿ ಕ್ಯಾನನ್ ಎಫ್/11ರ 600 ಮತ್ತು 800 ಮಿ.ಮೀ. ಲೆನ್ಸುಗಳನ್ನು ತಂದಾಗ ಅನೇಕರು ಅದನ್ನು ನಂಬಲಿಲ್ಲ. ಬೆಳಕನ್ನು ತೆತ್ತು ದೂರ ಕೊಳ್ಳುವ ಲೆಕ್ಕವನ್ನು ಅದರ ಕೊನೆಯವರೆಗೆ ಒಯ್ದ ಲೆನ್ಸುಗಳವು. 600ರದು ಕೇವಲ 930 ಗ್ರಾಂ ತೂಗುತ್ತದೆ. ಬಯಲಿನ ಬಿಸಿಲಲ್ಲಿ ಅವು ಅಚ್ಚರಿಯ ಚಿತ್ರಗಳನ್ನು ಕೊಡುತ್ತವೆ, ಆದರೆ ಬೆಳಕಿಂಡಿ ಎಫ್/11ರಲ್ಲೇ ಸ್ಥಿರವಾಗಿರುವುದರಿಂದಲೂ ಜೂಮ್ ಇಲ್ಲದಿರುವುದರಿಂದಲೂ ಅವನ್ನು ಮೊದಲ ಟೆಲಿಫೋಟೊ ಆಗಿ ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಮಾರುಕಟ್ಟೆಯಲ್ಲಿ ಕೈಗೆಟುಕುವ ಲೆನ್ಸುಗಳು ಸ್ಥೂಲವಾಗಿ ಮೂರು ಮೆಟ್ಟಿಲುಗಳಲ್ಲಿ ನಿಂತಿವೆ. ಕೆಳಗಿನ ಮೆಟ್ಟಿಲಿನಲ್ಲಿ 200 ರಿಂದ 300ರವರೆಗೆ ತಲುಪುವ ಹಗುರ ಜೂಮ್‌ಗಳು: 2013ರಲ್ಲಿ ಬಂದ ಕ್ಯಾನನ್ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ, 2016ರ ನಿಕಾನ್ ಎಎಫ್-ಪಿ ಡಿಎಕ್ಸ್ 70-300 ವಿಆರ್, ನಿಕಾನ್ ಝಡ್ ಕ್ಯಾಮೆರಾಗಳ 50-250, ಸೋನಿಯ 55-210, ಕ್ಯಾನನ್ ಮಿರರ್‌ಲೆಸ್‌ನ ಆರ್‌ಎಫ್-ಎಸ್ 55-210. ಇವೆಲ್ಲ ಅರ್ಧ ಕಿಲೋಗ್ರಾಮಿನೊಳಗಿನವು. ಇವುಗಳಲ್ಲಿ 55-250 ಎಸ್‌ಟಿಎಂ ಬಗ್ಗೆ ನನಗೆ ವಿಶೇಷ ಗೌರವವಿದೆ. 375 ಗ್ರಾಂ ತೂಕದ, ಪ್ಲಾಸ್ಟಿಕ್ ಮೈಯ ಈ ಲೆನ್ಸು ತುದಿಯ 250ರಲ್ಲೂ ಚೂಪಾಗಿ ತೆಗೆಯುತ್ತದೆ, 85 ಸೆಂ.ಮೀ. ಹತ್ತಿರದವರೆಗೆ ಫೋಕಸ್ ಆಗುವುದರಿಂದ ಚಿಟ್ಟೆ, ಕೊಡತಿಹುಳುಗಳಿಗೂ ಒದಗುತ್ತದೆ. ನಿಕಾನ್ ಡಿಎಸ್‌ಎಲ್‌ಆರ್ ಇರುವವರಿಗೆ ಎಎಫ್-ಪಿ 70-300 ಅದೇ ಸ್ಥಾನದಲ್ಲಿದೆ. ಹಕ್ಕಿಗಳಿಗೆ ಈ ವರ್ಗ ಚಿಕ್ಕದಾಯಿತು ಎಂಬುದು ನಿಜವಾದರೂ ಜಾತ್ರೆ, ಕಂಬಳ, ಶಾಲೆಯ ಆಟೋಟ, ಯಕ್ಷಗಾನದ ವೇಷಗಳ ಮುಖ, ಬೇಲೂರಿನ ಮದನಿಕೆಯರ ಬೆರಳಿನ ಸೂಕ್ಷ್ಮ ಕೆತ್ತನೆ, ಇವೆಲ್ಲಕ್ಕೂ ಬೇಕಾದದ್ದು ಇದೇ ವರ್ಗ.

ನಡುವಿನ ಮೆಟ್ಟಿಲು 100-400ರದು, ಅಥವಾ ಸೋನಿ ಎಪಿಎಸ್-ಸಿ ಬಳಸುವವರಿಗೆ 2019ರಲ್ಲಿ ಬಂದ, 625 ಗ್ರಾಂ ತೂಗುವ 70-350ರದು. ಡಿಎಸ್‌ಎಲ್‌ಆರ್‌ಗಳಿಗಾಗಿ ಸಿಗ್ಮಾ ಮತ್ತು ಟ್ಯಾಮ್ರಾನ್ ಎರಡೂ 2017ರಲ್ಲಿ ತಮ್ಮ 100-400 ತಂದವು. ಎರಡೂ 1.1 ರಿಂದ 1.2 ಕಿಲೋಗ್ರಾಮಿನವು, ಎರಡೂ ತುದಿಯಲ್ಲಿ ಎಫ್/6.3. ಕ್ಯಾನನ್ 2021ರಲ್ಲಿ ತಂದ ಆರ್‌ಎಫ್ 100-400 ತುದಿಯಲ್ಲಿ ಎಫ್/8ಕ್ಕೆ ಇಳಿಯುತ್ತದೆ, ಆ ತ್ಯಾಗಕ್ಕೆ ಪ್ರತಿಯಾಗಿ ತೂಕ 635 ಗ್ರಾಮಿಗೆ ಇಳಿದಿದೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅದು 640 ಮಿ.ಮೀ.ನ ನೋಟ ಕೊಡುತ್ತದೆ, ಹೆಗಲಿಗೆ ಭಾರವೆನ್ನಿಸದೆ ದಿನವಿಡೀ ಜೊತೆಗಿರುತ್ತದೆ. ಹೆಚ್ಚು ನಡೆಯುವವರಿಗೆ, ಬೆಟ್ಟ ಹತ್ತುವವರಿಗೆ, ವಯಸ್ಸಾದವರಿಗೆ ಈ ನಡುವಿನ ಮೆಟ್ಟಿಲೇ ಸರಿಯಾದದ್ದು ಎಂಬ ನನ್ನ ಅಭಿಪ್ರಾಯ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತಿದೆ.

ಮೇಲಿನ ಮೆಟ್ಟಿಲಿನ ಕಥೆ ಶುರುವಾದದ್ದು 2013ರ ಕೊನೆಯಲ್ಲಿ, ಟ್ಯಾಮ್ರಾನ್ 150-600 ಲೆನ್ಸನ್ನು ಪ್ರಕಟಿಸಿದಾಗ. 600 ಮಿ.ಮೀ. ಎಂಬುದು ಅಲ್ಲಿಯವರೆಗೆ ವೃತ್ತಿಪರರ, ಸಿರಿವಂತರ ಸೊತ್ತಾಗಿತ್ತು. ಮರುವರ್ಷ ಸಿಗ್ಮಾ ಅದೇ ಅಳತೆಯ ಎರಡು ಲೆನ್ಸುಗಳನ್ನು ಪ್ರಕಟಿಸಿತು: 1.93 ಕಿಲೋಗ್ರಾಮಿನ ಕಂಟೆಂಪರರಿ, 2.86 ಕಿಲೋಗ್ರಾಮಿನ ಸ್ಪೋರ್ಟ್ಸ್. 2015ರಲ್ಲಿ ನಿಕಾನ್ ತನ್ನ 200-500 ಮೂಲಕ ಬೇರೊಂದು ದಾರಿ ಹಿಡಿಯಿತು. ನೂರು ಮಿಲಿಮೀಟರ್ ಬಿಟ್ಟುಕೊಟ್ಟು ಉದ್ದಕ್ಕೂ ಎಫ್/5.6ನ್ನು ಉಳಿಸಿಕೊಂಡಿತು. ಎಫ್/5.6ಕ್ಕೂ 6.3ಕ್ಕೂ ಇರುವುದು ಮೂರನೆಯ ಒಂದು ಸ್ಟಾಪ್ ಮಾತ್ರವಾದರೂ, ಡಿಎಸ್‌ಎಲ್‌ಆರ್‌ನಲ್ಲಿ ಆ ಅಂತರ ಫೋಕಸ್ಸಿನ ಸ್ಥಿರತೆಯಾಗಿ ಕಾಣುತ್ತದೆ. ನಿಕಾನ್ ಡಿಎಸ್‌ಎಲ್‌ಆರ್ ಇಟ್ಟುಕೊಂಡು ಹಕ್ಕಿಗಳನ್ನೇ ಮುಖ್ಯವಾಗಿ ತೆಗೆಯುವವರಿಗೆ, ಒಳ್ಳೆಯ ಸ್ಥಿತಿಯ ಬಳಸಿದ 200-500 ಸಿಕ್ಕರೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ಕ್ಯಾನನ್ ಡಿಎಸ್‌ಎಲ್‌ಆರ್ ಇರುವವರಿಗೆ ಸಿಗ್ಮಾ ಕಂಟೆಂಪರರಿ. ಸೋನಿಯ 200-600, ನಿಕಾನ್ ಝಡ್ 180-600 ಇವುಗಳಿಗಿಂತ ಮೇಲಿನವು, ಜೂಮ್ ಮಾಡಿದರೂ ಮೈ ಉದ್ದವಾಗದ ಕಾರಣ ನಮ್ಮ ಸಫಾರಿ ರಸ್ತೆಗಳ ಕೆಂಧೂಳನ್ನು ಒಳಗೆಳೆದುಕೊಳ್ಳುವುದೂ ಕಡಿಮೆ; ಆದರೆ ಅವುಗಳ ಬೆಲೆಯನ್ನು ಕೈಗೆಟುಕುವುದು ಎನ್ನಲು ಮನಸ್ಸು ಒಪ್ಪುವುದಿಲ್ಲ.

ಈ ಮೂರನೆಯ ಮೆಟ್ಟಿಲಿನ ಲೆನ್ಸುಗಳನ್ನು ಕೊಳ್ಳುವ ಮೊದಲು ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡುವುದು ಉತ್ತಮ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ದಿನದ ಲೆಕ್ಕದಲ್ಲಿ ಲೆನ್ಸು ಬಾಡಿಗೆಗೆ ಕೊಡುವವರಿದ್ದಾರೆ. ಎರಡು ಕಿಲೋಗ್ರಾಂ ಎಂಬುದು ಕಾಗದದ ಮೇಲೆ ಚಿಕ್ಕ ಅಂಕಿ. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹದ್ದೊಂದು ತಿರುಗುವವರೆಗೆ ಹಿಡಿದು ನಿಂತಾಗ ತೋಳಿಗೆ ತಿಳಿಯುವುದು ಬೇರೆ. ಬಾಡಿಗೆಯ ಆ ಎರಡು ದಿನಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಎಷ್ಟು ಚಿತ್ರಗಳನ್ನು 400ಕ್ಕಿಂತ ಉದ್ದದಲ್ಲಿ ತೆಗೆದಿದ್ದೀರಿ ಎಂದು ಎಣಿಸಿದರೆ ನಿರ್ಧಾರ ಬಹುಮಟ್ಟಿಗೆ ತಾನಾಗಿ ಆಗುತ್ತದೆ.

ಕಂಪನ ನಿಯಂತ್ರಣದ ಬಗ್ಗೆ ನಾನು ಹೇಳುವುದರ ಹಿಂದೆ ನನ್ನದೇ ಒಂದು ಸಂಜೆಯ ಅನುಭವವಿದೆ. ನನ್ನ ಮೊದಲ ಟೆಲಿಫೋಟೊ, ಬಳಸಿದ್ದನ್ನು ಕಡಿಮೆ ಬೆಲೆಗೆ ಕೊಂಡ ಒಂದು 70-300. ಅದರಲ್ಲಿ ಕಂಪನ ನಿಯಂತ್ರಣ ಇರಲಿಲ್ಲ, ಇರಬೇಕೆಂಬುದು ನನಗೆ ತಿಳಿದಿರಲೂ ಇಲ್ಲ. ರಂಗನತಿಟ್ಟಿನ ದೋಣಿಯಲ್ಲಿ ಸಂಜೆ ಐದರ ಮೇಲೆ ತೆಗೆದ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಉಳಿಸಿಕೊಳ್ಳುವಂಥವು ನಾಲ್ಕು ಮಾತ್ರ ಇದ್ದವು. ಲೆನ್ಸು ಕೆಟ್ಟದ್ದೆಂದು ಬಹಳ ದಿನ ಅದರ ಮೇಲೆ ತಪ್ಪು ಹೊರಿಸಿದ್ದೆ. ನಿಜ ಬೇರೆಯೇ ಆಗಿತ್ತು: ಕೈಯಲ್ಲಿ ಹಿಡಿದು ತೆಗೆಯುವಾಗ ಶಟರ್ ವೇಗ, ಲೆನ್ಸಿನ ಉದ್ದವನ್ನು ಸೆನ್ಸರಿನ ಗುಣಕದಿಂದ ಹೆಚ್ಚಿಸಿ ಬರುವ ಸಂಖ್ಯೆಯ ವಿಲೋಮಕ್ಕಿಂತ ಕಡಿಮೆಯಾಗಬಾರದು, ಎಂದರೆ ಎಪಿಎಸ್-ಸಿ ಕ್ಯಾಮೆರಾದಲ್ಲಿ 300ಕ್ಕೆ 1/450. ನಾನು 1/125ರಲ್ಲಿ ತೆಗೆಯುತ್ತಿದ್ದೆ, ಅದೂ ತೂಗುವ ದೋಣಿಯಲ್ಲಿ. ಕಂಪನ ನಿಯಂತ್ರಣವಿರುವ ಲೆನ್ಸಿನಲ್ಲಿ ಮೂರು-ನಾಲ್ಕು ಸ್ಟಾಪ್ ನೆರವು ಸಿಗುತ್ತದೆ. ಅದು ಕೈಯ ನಡುಕವನ್ನು ಮಾತ್ರ ತಡೆಯುತ್ತದೆ, ಹಕ್ಕಿಯ ಚಲನೆಯನ್ನಲ್ಲ ಎಂಬುದೂ ನೆನಪಿರಬೇಕು. ಹಾರುವ ಹಕ್ಕಿಗೆ 1/2000ರ ಸುಮಾರಿನ ವೇಗ ಬೇಕೇ ಬೇಕು.

ಆದ್ದರಿಂದ ಕ್ಯಾನನ್‌ನ 75-300 ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡವೆನ್ನಿ. 1999ರಲ್ಲಿ ಬಂದ ಮೂರನೆಯ ಆವೃತ್ತಿಗೂ ಕಂಪನ ನಿಯಂತ್ರಣವಿಲ್ಲ, ತುದಿಯಲ್ಲಿ ಚಿತ್ರವೂ ಮಂಕು. ನಿಕಾನ್ ಎಎಫ್-ಪಿ 70-300ರಲ್ಲಿ ವಿಆರ್ (ಕಂಪನ ನಿಯಂತ್ರಣಕ್ಕೆ ನಿಕಾನ್ ಇಟ್ಟ ಹೆಸರು) ಇರುವುದೂ ಇಲ್ಲದ್ದೂ ಎರಡೂ ಇವೆ, ನೋಡಲು ಒಂದೇ ಥರ. ಪೆಟ್ಟಿಗೆಯ ಮೇಲೆ ವಿಆರ್ ಎಂಬ ಅಕ್ಷರಗಳನ್ನು ಹುಡುಕಿ. ಟ್ಯಾಮ್ರಾನ್ 2020ರಲ್ಲಿ ಸೋನಿಗಾಗಿ ತಂದ 70-300 ಚಿತ್ರದ ಗುಣದಲ್ಲಿ ಒಳ್ಳೆಯದೇ, ಆದರೆ ಅದರಲ್ಲಿ ಕಂಪನ ನಿಯಂತ್ರಣವಿಲ್ಲ. ಕ್ಯಾಮೆರಾದ ಮೈಯಲ್ಲೇ ಆ ವ್ಯವಸ್ಥೆ ಇರುವವರಿಗೆ ಅಡ್ಡಿಯಿಲ್ಲ. ಸೋನಿ ಎ6400ರಂಥ ಕ್ಯಾಮೆರಾಗಳಲ್ಲಿ ಅದೂ ಇಲ್ಲದಿರುವುದರಿಂದ ಅಲ್ಲಿ ಎರಡು ಕಡೆಯೂ ನೆರವಿಲ್ಲದಂತಾಗುತ್ತದೆ.

ಹೊಂದಾಣಿಕೆಯ ತೊಡಕುಗಳು ನಿಕಾನ್‌ನಲ್ಲಿ ಹೆಚ್ಚು. ಡಿ3500, ಡಿ5600ರಂಥ ಕ್ಯಾಮೆರಾಗಳ ಮೈಯಲ್ಲಿ ಫೋಕಸ್ ಮೋಟಾರ್ ಇಲ್ಲ, ಆದ್ದರಿಂದ ಹಳೆಯ ಎಎಫ್, ಎಎಫ್-ಡಿ ಲೆನ್ಸುಗಳು ಅವುಗಳಲ್ಲಿ ತಾವಾಗಿ ಫೋಕಸ್ ಆಗುವುದಿಲ್ಲ. ಇದಕ್ಕೆ ವಿರುದ್ಧವಾಗಿ ಹೊಸ ಎಎಫ್-ಪಿ ಲೆನ್ಸುಗಳು ಡಿ90ರಂಥ ಹಳೆಯ ಕ್ಯಾಮೆರಾಗಳಲ್ಲಿ ಕೆಲಸ ಮಾಡುವುದಿಲ್ಲ. ಕ್ಯಾನನ್‌ನಲ್ಲಿ ಹಳೆಯ ಇಎಫ್ ಲೆನ್ಸುಗಳನ್ನು ಅಡಾಪ್ಟರ್ ಮೂಲಕ ಹೊಸ ಆರ್ ಸರಣಿಯ ಕ್ಯಾಮೆರಾಗಳಿಗೆ ಯಾವ ನಷ್ಟವೂ ಇಲ್ಲದೆ ಹಾಕಬಹುದು. ಆರ್‌ಎಫ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕಲಾಗದು. ಇನ್ನೆರಡು ವರ್ಷಗಳಲ್ಲಿ ಮಿರರ್‌ಲೆಸ್‌ಗೆ ಹೋಗುವ ಯೋಚನೆ ಇರುವವರು ಡಿಎಸ್‌ಎಲ್‌ಆರ್ ಲೆನ್ಸನ್ನು ಹೊಸದಾಗಿ ಕೊಳ್ಳುವುದಕ್ಕಿಂತ ಬಳಸಿದ್ದನ್ನು ಕೊಳ್ಳುವುದು ಮೇಲು.

ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಟೆಲಿಕನ್ವರ್ಟರ್ ಹಾಕಿ ಉದ್ದ ಹೆಚ್ಚಿಸಬಹುದಲ್ಲ ಎಂದು ಕೇಳುವವರಿದ್ದಾರೆ. 1.4 ಪಟ್ಟಿನದು ಒಂದು ಸ್ಟಾಪ್, 2 ಪಟ್ಟಿನದು ಎರಡು ಸ್ಟಾಪ್ ಬೆಳಕನ್ನು ನುಂಗುತ್ತದೆ, ಈಗಾಗಲೇ ಎಫ್/6.3ರಲ್ಲಿರುವ ಲೆನ್ಸಿಗೆ ಅದು ತಕ್ಕುದಲ್ಲ. ಹಕ್ಕಿಯನ್ನು ಗುರುತಿಸಿ ದಾಖಲಿಸುವುದೇ ನಿಮ್ಮ ಮುಖ್ಯ ಆಸಕ್ತಿಯಾದರೆ ಲೆನ್ಸು ಬದಲಿಸಲಾಗದ ಸೂಪರ್‌ಜೂಮ್ ಕ್ಯಾಮೆರಾಗಳನ್ನು ಗಂಭೀರವಾಗಿ ಪರಿಗಣಿಸಿ. 2015ರ ನಿಕಾನ್ ಪಿ900, 2018ರ ಪಿ1000 ಕ್ರಮವಾಗಿ 2000 ಮತ್ತು 3000 ಮಿ.ಮೀ.ಗೆ ಸಮನಾದ ನೋಟ ಕೊಡುತ್ತವೆ. ಸೆನ್ಸರು ಉಗುರಿಗಿಂತ ಚಿಕ್ಕದಾದ್ದರಿಂದ ನೆರಳಿನಲ್ಲಿ ಸೋಲುತ್ತವೆ, ಆದರೆ ಕೆರೆಯ ಆಚೆ ದಡದ ಗೊರವದ ಕಾಲಿನ ಬಣ್ಣವನ್ನು ಅವು ತೋರಿಸುವಷ್ಟು ಸುಲಭವಾಗಿ ಬೇರಾವುದೂ ಆ ಬೆಲೆಗೆ ತೋರಿಸದು. ಎಷ್ಟು ಉದ್ದದ ಲೆನ್ಸಿದ್ದರೂ ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಕದಡಿಬಿಡುತ್ತದೆ. ಅದಕ್ಕೆ ಯಾವ ಬೆಲೆಯ ಗಾಜಿನಲ್ಲೂ ಪರಿಹಾರವಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿಸಿಕೊಳ್ಳಬೇಕು.

ಬಳಸಿದ ಲೆನ್ಸು ಕೊಳ್ಳುವಾಗ ಟಾರ್ಚ್ ಒಯ್ಯಿರಿ. ಎರಡೂ ಮುಚ್ಚಳ ತೆಗೆದು, ಹಿಂಭಾಗದಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ಒಳಗಿನ ಬೂಷ್ಟು ಜೇಡರ ಬಲೆಯ ಎಳೆಗಳಂತೆ ಕಾಣುತ್ತದೆ. ಒಂದೆರಡು ಧೂಳಿನ ಕಣಗಳಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ಬೂಷ್ಟು ಇದ್ದರೆ ಮಾತ್ರ ಅರ್ಧ ಬೆಲೆಗೆ ಕೊಟ್ಟರೂ ಬಿಟ್ಟುಬನ್ನಿ, ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಬಿಡಿಸಿ ಶುಚಿಮಾಡುವ ಖರ್ಚು ಚಿಕ್ಕ ಲೆನ್ಸುಗಳ ಬೆಲೆಗೆ ಸಮನಾಗಿಬಿಡುತ್ತದೆ. ಆಮೇಲೆ ಇಟ್ಟಿಗೆ ಗೋಡೆಗೋ, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಗಳಿಗೋ ಎದುರಾಗಿ ನಿಂತು, ಲೆನ್ಸಿನ ತುದಿಯ ಉದ್ದದಲ್ಲಿ ಎಫ್/6.3 ಮತ್ತು ಎಫ್/8 ಎರಡರಲ್ಲೂ ಚಿತ್ರ ತೆಗೆಯಿರಿ. ಎಡ ಅಂಚು ಚೂಪಾಗಿದ್ದು ಬಲ ಅಂಚು ಮಂಕಾಗಿದ್ದರೆ ಒಳಗಿನ ಗಾಜುಗಳ ಜೋಡಣೆ ಕೆಟ್ಟಿದೆ ಎಂದರ್ಥ, ಎಲ್ಲೋ ಬಿದ್ದಿರಬಹುದು. ಎಫ್/8ರಲ್ಲಿ ಸ್ವಲ್ಪ ಸುಧಾರಿಸುವುದು ಈ ಬೆಲೆಯ ಜೂಮ್‌ಗಳ ಸಹಜ ಗುಣ, ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ಹೊಸ ಲೆನ್ಸನ್ನೂ ಬಿಲ್ಲು ಮತ್ತು ಭಾರತದ ವಾರಂಟಿ ಇಲ್ಲದೆ ಕೊಳ್ಳಬೇಡಿ; ಉಳಿಯುವ ಕೆಲವು ಸಾವಿರಗಳು ಒಂದೇ ಒಂದು ಫೋಕಸ್ ಮೋಟಾರಿನ ದುರಸ್ತಿಗೆ ಹೋಗಿಬಿಡುತ್ತವೆ.

ಬೂಷ್ಟಿನ ಭಯ ಕರಾವಳಿ, ಮಲೆನಾಡು, ಕೊಡಗಿನವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಜವಾದದ್ದು. ಲೆನ್ಸನ್ನು ಅದರ ಬಟ್ಟೆಯ ಚೀಲದಲ್ಲೋ ಚರ್ಮದ ಪೆಟ್ಟಿಗೆಯಲ್ಲೋ ಇಟ್ಟು ಬೀರುವಿನಲ್ಲಿ ಮರೆಯುವುದು ಅತ್ಯಂತ ಕೆಟ್ಟ ಅಭ್ಯಾಸ, ಏಕೆಂದರೆ ಆ ಬಟ್ಟೆ, ಆ ಚರ್ಮ ತೇವವನ್ನು ಹಿಡಿದಿಡುತ್ತವೆ. ವಿದ್ಯುತ್ ಒಣಪೆಟ್ಟಿಗೆ ಕೊಳ್ಳಲಾಗದವರು ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಕಾಲು ಕಿಲೋ ಸಿಲಿಕಾ ಜೆಲ್ ಮತ್ತು ಒಂದು ಚಿಕ್ಕ ಆರ್ದ್ರತಾಮಾಪಕ ಇಟ್ಟುಕೊಂಡರೆ ಸಾಕು. ಮಾಪಕ ಶೇಕಡಾ 45 ರಿಂದ 50ರ ನಡುವೆ ನಿಲ್ಲಬೇಕು. 60 ದಾಟಿದರೆ ಹರಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದು, ಪೂರ್ತಿ ಆರಿದ ಮೇಲೆ ಮತ್ತೆ ತುಂಬಬೇಕು. ಹುರಿಯಲು ಬೇರೆ ಬಾಣಲೆ ಇಟ್ಟುಕೊಳ್ಳಿ. ತೇವ ತೋರಿಸಲು ಬಣ್ಣ ಹಾಕಿದ ಹರಳುಗಳು ಅಡುಗೆಯ ಪಾತ್ರೆಗೆ ತಾಕಬಾರದು. ಮಳೆ ಹೊಳವಾದ ದಿನ ಲೆನ್ಸನ್ನು ಹೊರತೆಗೆದು, ಜೂಮ್ ಉಂಗುರವನ್ನು ಈ ತುದಿಯಿಂದ ಆ ತುದಿಗೆ ನಾಲ್ಕಾರು ಸಲ ತಿರುಗಿಸಿ, ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿಯ ಹತ್ತು ಚಿತ್ರ ತೆಗೆದು ಒಳಗಿಡಿ.